ಮುಸುರೆಯ ಲೆಕ್ಕ ಯಾರ ತಲೆಗೆ?



ಬೆಳಗಿನ ಜಾವ ಚಾಲೈ ಪೇಟೆಗೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಬಾಳೆಲೆಯ ಕಟ್ಟುಗಳು. ತಮಿಳುನಾಡಿನ ಕಡೆಯಿಂದ ಲಾರಿಗಳಲ್ಲಿ ಬಂದ ಎಲೆ, ತರಕಾರಿ, ಹೂವು ಎಲ್ಲವೂ ಅಲ್ಲಿ ಇಳಿಯುತ್ತವೆ. ಅದೇ ಎಲೆ ಮಧ್ಯಾಹ್ನ ಮೂರು ಗಂಟೆಗೆ ಯಾವುದೋ ಹೋಟೆಲಿನ ಹಿಂಬಾಗಿಲಲ್ಲಿ ಎಂಜಲಾಗಿ ಬಿದ್ದಿರುತ್ತದೆ. ಬೆಳಗಿನ ಎಲೆಯನ್ನು ದಣಿಗಳು ಎಣಿಸುತ್ತಾರೆ, ಗಿರಾಕಿ ಮೆಚ್ಚುತ್ತಾನೆ. ಮಧ್ಯಾಹ್ನದ ಎಲೆಯನ್ನು ಎತ್ತುವವರು ನಾವು. ಆದುದರಿಂದ ಹೋಟೆಲಿನ ಕಸದ ಮಾತು ಬಂದಾಗ ಮೊದಲು ಮಾತಾಡುವ ಹಕ್ಕು ನಮ್ಮದು ಎಂದು ನಾವು ತಿಳಿದಿದ್ದೇವೆ.

ಈಗ ಎಲ್ಲೆಲ್ಲೂ ‘ಹಸಿರು ಹೋಟೆಲು’ ಎಂಬ ಮಾತು. ಪ್ಲಾಸ್ಟಿಕ್ ಇಲ್ಲ, ಕಸ ಇಲ್ಲ, ಪ್ರಕೃತಿಗೆ ಹಾನಿ ಇಲ್ಲ ಎಂದು ಗೋಡೆಗೆ ಬೋರ್ಡು. ಒಳ್ಳೆಯದೇ. ಆದರೆ ಆ ಬೋರ್ಡಿನ ಹಿಂದೆ ಅಡಿಗೆಮನೆಯಲ್ಲಿ ಏನು ನಡೆದಿದೆ, ಅದರ ಭಾರ ಯಾರ ತಲೆಯ ಮೇಲೆ ಬಿದ್ದಿದೆ ಎಂಬುದನ್ನು ಯಾರಾದರೂ ಕೇಳಿದ್ದಾರೆಯೆ?

ಚಾಲೈ ಇಂದು ನೆನ್ನೆಯ ಪೇಟೆಯಲ್ಲ. ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನ ದಿವಾನರಾಗಿದ್ದ ರಾಜಾ ಕೇಶವದಾಸರು ಕಟ್ಟಿಸಿದ ಪೇಟೆ ಅದು. ಅಲ್ಲಿ ಬಹುಕಾಲ ಅಕ್ಕಿ ಗೋಣಿಯಲ್ಲಿ ಬಂತು, ಬೆಲ್ಲ ಓಲೆಯಲ್ಲಿ ಬಂತು, ದಿನಸಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟರು. ನಮ್ಮ ಕಡೆಯ ಉಡುಪಿ, ಕಾಸರಗೋಡಿನವರು ಈ ಸೀಮೆಗೆ ಬಂದು ಹೋಟೆಲು ಇಟ್ಟಾಗ ಎಲೆಯ ಮೇಲೆ ಬಡಿಸಿದರು, ಹಿತ್ತಾಳೆ ಲೋಟದಲ್ಲಿ ಕಾಫಿ ಕೊಟ್ಟರು. ಎಂಜಲೆಲೆ ಹಸುವಿನ ಪಾಲಾಯಿತು. ಇಂದು ‘ಹೊಸ ಮಾರ್ಗ’ ಎಂದು ಹೇಳುತ್ತಿರುವುದು ನಮ್ಮ ಅಜ್ಜಂದಿರ ಹಳೆಯ ಮಾರ್ಗವೇ. ಅದನ್ನು ಕೆಡಿಸಿದ್ದು ಪಾರ್ಸೆಲ್ ವ್ಯಾಪಾರ. ಕುದಿಯುವ ಸಾಂಬಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ನೂಲು ಸುತ್ತಿ ಕೊಟ್ಟ ಕೈಗಳು ನಮ್ಮವೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಅದರ ಫಲ ಏನಾಯಿತು? ಈ ಊರಿನ ಕಸವೆಲ್ಲ ವಿಳಪ್ಪಿಲ್‌ಶಾಲೆಗೆ ಹೋಗುತ್ತಿತ್ತು. ನಾತದಿಂದ, ಕೊಳೆತ ನೀರಿನಿಂದ ಬೇಸತ್ತ ಅಲ್ಲಿನ ಹಳ್ಳಿಯ ಜನ ಎದ್ದುನಿಂತರು. 2011ರ ಡಿಸೆಂಬರಿನಲ್ಲಿ ಆ ಕಾರ್ಖಾನೆ ಮುಚ್ಚಿತು. ಪೇಟೆಯವರ ಎಂಜಲನ್ನು ಹಳ್ಳಿಯವರ ಬಾವಿಯ ಬಳಿ ಸುರಿಯುವುದು ಯಾವ ನ್ಯಾಯ? ಕೊಚ್ಚಿಯ ಬ್ರಹ್ಮಪುರದಲ್ಲಿ 2023ರ ಮಾರ್ಚ್ 2ರಂದು ಕಸದ ಗುಡ್ಡಕ್ಕೆ ಬೆಂಕಿ ಹತ್ತಿ, ಹತ್ತು ದಿನಕ್ಕೂ ಮಿಕ್ಕಿ ಆ ನಗರ ವಿಷದ ಹೊಗೆ ಕುಡಿಯಿತು. 2024ರ ಜುಲೈ 13ರಂದು ಇಲ್ಲಿಯೇ, ತಂಪಾನೂರು ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮೆಯಿಳಂಜಾನ್ ತೋಡಿನ ಕಸ ತೆಗೆಯಲು ಇಳಿದ ದಿನಗೂಲಿಯ ಕೆಲಸಗಾರನೊಬ್ಬ ನೀರಿನ ಸೆಳೆತಕ್ಕೆ ಸಿಕ್ಕಿ ಕಾಣೆಯಾದ. ಎರಡು ದಿನ ಹುಡುಕಿದ ಮೇಲೆ ಹೆಣ ಸಿಕ್ಕಿತು. ಸುರಂಗದ ತುಂಬ ಪ್ಲಾಸ್ಟಿಕ್ ಮತ್ತು ಕೊಳೆ ತುಂಬಿದ್ದರಿಂದ ಮುಳುಗುಗಾರರಿಗೂ ಒಳಗೆ ದಾರಿ ಇರಲಿಲ್ಲ.

ಬಾಂಧವರೇ, ಆತ ನಮ್ಮಂತೆಯೇ ಹೊಟ್ಟೆಪಾಡಿಗೆ ದುಡಿದವನು. ಆ ತೋಡಿನಲ್ಲಿ ತೇಲಿದ ಚೀಲಗಳಲ್ಲಿ ಒಂದೂ ನಮ್ಮ ಅಡಿಗೆಮನೆಯದಲ್ಲ ಎಂದು ಎದೆ ಮುಟ್ಟಿ ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ರಾತ್ರಿ ಹನ್ನೊಂದು ಗಂಟೆಗೆ “ಹೋಗಿ ಎಲ್ಲಾದರೂ ಹಾಕಿ ಬಾರೋ” ಎಂದು ಬಕೆಟ್ಟು ಕೊಟ್ಟು ಕಳಿಸಿದಾಗ, ನಿದ್ದೆಗಣ್ಣಿನಲ್ಲಿ ಮೋರಿಯ ಕಡೆಗೆ ನಡೆದವರು ನಾವಲ್ಲವೆ? ಹೇಳಿದವರು ಯಾರೇ ಇರಲಿ, ಸುರಿದ ಕೈ ನಮ್ಮದು. ಇನ್ನು ಮುಂದೆ ಆ ಬಕೆಟ್ಟನ್ನು ಎತ್ತುವುದಿಲ್ಲ ಎಂದು ಹೇಳುವ ಧೈರ್ಯ ನಮಗೆ ಬರಬೇಕು. ಒಬ್ಬನಾಗಿ ಹೇಳಿದರೆ ಕೆಲಸ ಹೋದೀತು. ಸಂಘವಾಗಿ ಹೇಳಿದರೆ ಹೋಗಲಾರದು.

ಕಾನೂನೂ ಬಂದಿದೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳನ್ನು ಕೇರಳ ಸರಕಾರ 2020ರ ಜನವರಿ 1ರಿಂದ ನಿಷೇಧಿಸಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಹೀರುಗೊಳವೆಗಳಿಗೆ ದೇಶಕ್ಕೆಲ್ಲ ನಿಷೇಧ ಬಂತು. ಅದಕ್ಕೂ ಮೊದಲು, 2015ರಲ್ಲಿ ಕೇರಳದಲ್ಲಿ ರಾಷ್ಟ್ರೀಯ ಕ್ರೀಡೆಗಳು ನಡೆದಾಗ, ಎಸೆಯುವ ತಟ್ಟೆಗಳನ್ನು ಬಿಟ್ಟು ತೊಳೆಯುವ ತಟ್ಟೆ ಲೋಟಗಳಲ್ಲಿ ಊಟ ಹಾಕಿ, ಇದು ಆಗುವ ಕೆಲಸವೇ ಎಂದು ತೋರಿಸಿಕೊಟ್ಟಿದ್ದರು. ಇವನ್ನೆಲ್ಲ ನಾವು ಸ್ವಾಗತಿಸುತ್ತೇವೆ.

ಆದರೆ ತೊಳೆಯುವ ತಟ್ಟೆ ತಾನಾಗಿ ತೊಳೆದುಕೊಳ್ಳುವುದಿಲ್ಲ. ನಾವು ಹೇಳಬೇಕಾದ ಮುಖ್ಯ ಮಾತು ಇದು.

ದಿನಕ್ಕೆ 400 ಮಂದಿ ಬರುವ ಒಂದು ಹೋಟೆಲು ಎಂದಿಟ್ಟುಕೊಳ್ಳಿ. ತಲೆಗೆ ಒಂದು ತಟ್ಟೆ, ಒಂದು ಲೋಟ, ಎರಡು ಬಟ್ಟಲು ಎಂದರೆ 1,600 ಪಾತ್ರೆ. ಒಂದಕ್ಕೆ 15 ಸೆಕೆಂಡು ಹಿಡಿದರೂ 6 ಗಂಟೆ 40 ನಿಮಿಷ ಬಿಡುವಿಲ್ಲದೆ ಉಜ್ಜಬೇಕು. ಕೊಪ್ಪರಿಗೆ, ಬಾಣಲೆ, ಇಡ್ಲಿ ತಟ್ಟೆಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡುವ ಕೆಲಸವೂ ಬಂದಿಲ್ಲ. ಕಾಗದದ ಲೋಟದ ಖರ್ಚು ಉಳಿಯಿತೆಂದು ಗಲ್ಲಾದಲ್ಲಿ ಕುಳಿತವರಿಗೆ ಸಂತೋಷ. ಆ ಉಳಿತಾಯದಲ್ಲಿ ಮುಸುರೆ ತೊಳೆಯುವ ಹುಡುಗನಿಗೆ ಬಂದದ್ದು ಏನು? ಸೋಪಿನ ನೀರಿನಲ್ಲಿ ನೆನೆದು ಬೆರಳ ಸಂದಿ ಬಿರಿದ ಕೈ. ಈ ಸಾಲುಗಳನ್ನು ಬರೆಯುವ ನಾವೂ ಶಾಲೆ ಬಿಟ್ಟು ಬಂದು ಮೊದಲು ಕೂತದ್ದು ಮುಸುರೆಯ ತೊಟ್ಟಿಯ ಮುಂದೆ. ಬಿರಿದ ಬೆರಳಿಗೆ ಉಪ್ಪು ಹುಳಿ ತಾಗಿದಾಗ ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ತೊಳೆಯುವ ಪಾತ್ರೆ ಹೆಚ್ಚಿದಲ್ಲಿ ತೊಳೆಯುವ ಕೈಯೂ ಹೆಚ್ಚಬೇಕು. ಬಿಸಿನೀರು, ರಬ್ಬರು ಗವುಸು, ಕಾಲಿಗೆ ಬೂಟು, ನಿಂತು ತೊಳೆಯುವ ಎತ್ತರದ ತೊಟ್ಟಿ ಬೇಕು. ಕಸ ವಿಂಗಡಿಸುವ ಹೊತ್ತನ್ನು ಕೆಲಸದ ಹೊತ್ತು ಎಂದೇ ಲೆಕ್ಕ ಹಾಕಬೇಕು. 1960ರ ಕೇರಳ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಮೀರಿದ ಹೊತ್ತಿಗೆ ಇಮ್ಮಡಿ ಸಂಬಳ. ಹಸಿರು ಬೋರ್ಡು ತೂಗುಹಾಕಿದ ಮಾತ್ರಕ್ಕೆ ಈ ಕಾಯ್ದೆ ಅಳಿಸಿಹೋಗುವುದಿಲ್ಲ.

ಸಣ್ಣ ಹೋಟೆಲಿನ ದಣಿಗಳು ಕೇಳುತ್ತಾರೆ: “ಬಾಡಿಗೆ ಏರಿದೆ, ಗ್ಯಾಸು ಏರಿದೆ, ಇದಕ್ಕೆಲ್ಲ ಎಲ್ಲಿಂದ ತರಲಿ?” ಅವರ ಮಾತಿನಲ್ಲೂ ಸತ್ಯ ಇದೆ, ಅವರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ನಮ್ಮಂತೆ ಮಾಣಿಗಳಾಗಿದ್ದವರೇ. ಅವರಿಗೆ ನಮ್ಮ ಉತ್ತರ ಇದು: ಖರ್ಚು ಉಳಿಸುವ ದಾರಿ ಕೆಲಸಗಾರನ ಸಂಬಳದಲ್ಲಿಲ್ಲ, ಎಂಜಲ ತೊಟ್ಟಿಯಲ್ಲಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಹೊರಡಿಸಿದ ವರದಿಯ ಪ್ರಕಾರ 2022ರಲ್ಲಿ ಲೋಕದಲ್ಲಿ 105 ಕೋಟಿ ಟನ್ ಆಹಾರ ಹಾಳಾಯಿತು. ಅದರಲ್ಲಿ ನೂರಕ್ಕೆ 28 ಪಾಲು ಹೋಟೆಲು, ಕ್ಯಾಂಟೀನುಗಳದ್ದು. ಮೂರು ದಿನ ಎಂಜಲನ್ನು ತೂಕ ಮಾಡಿ ನೋಡಿ. ಯಾವ ಪಲ್ಯ ಎಲೆಯಲ್ಲೇ ಉಳಿಯುತ್ತದೆ, ಯಾವ ಹೊತ್ತಿನ ಅನ್ನ ಮಿಗುತ್ತದೆ ಎಂಬುದು ಮುಸುರೆಯ ಹುಡುಗನಿಗೆ ಬಾಯಿಪಾಠ. ಅವನನ್ನು ಕೇಳಿದರೆ ಮರುದಿನ ಎಷ್ಟು ಅಕ್ಕಿ ಹಾಕಬೇಕೆಂದು ಹೇಳುತ್ತಾನೆ. ಅನ್ನವನ್ನು ಮೊದಲೇ ರಾಶಿ ಹಾಕದೆ, ಸ್ವಲ್ಪ ಬಡಿಸಿ, ಮತ್ತೆ ಬೇಕೇ ಎಂದು ಕೇಳಿ ಬಡಿಸಲಿ. ಹಸಿ ಕಸಕ್ಕೆ ಪೇಟೆಯ ಹತ್ತಾರು ಹೋಟೆಲುಗಳು ಸೇರಿ ಗೊಬ್ಬರದ ತೊಟ್ಟಿ ಮಾಡಿಕೊಳ್ಳಬಹುದು. ಒಣಗಿದ ಎಲೆ ಮತ್ತು ಸಗಣಿಯ ಪದರಗಳ ನಡುವೆ ಕಸ ಹಾಕಿ, ಗಾಳಿಯಾಡಲು ಬಿಟ್ಟು ಗೊಬ್ಬರ ಮಾಡುವ ತುಂಬೂರ್ಮುಳಿ ತೊಟ್ಟಿಗಳನ್ನು ನಗರಸಭೆಯವರು ಈ ಊರಿನಲ್ಲಿ ಹಲವು ಕಡೆ ಇಟ್ಟಿದ್ದಾರೆ.

ಕರಿದ ಎಣ್ಣೆಯ ವಿಷಯದಲ್ಲಿ ನಮ್ಮ ಅಡಿಗೆ ಭಟ್ಟರಿಗೆ ಒಂದು ಮಾತು. ಮತ್ತೆ ಮತ್ತೆ ಕಾಸಿದ ಎಣ್ಣೆಯಲ್ಲಿ ಕೆಡುಕಿನ ಅಂಶ ನೂರಕ್ಕೆ 25 ದಾಟಿದರೆ ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕಪ್ಪಾಗಿ ನೊರೆ ಬರುವ ಎಣ್ಣೆಯನ್ನು ಮೋರಿಗೆ ಸುರಿದರೆ ಮೋರಿ ಕಟ್ಟುತ್ತದೆ. ಕಡಿಮೆ ಬೆಲೆಗೆ ಮಾರಿದರೆ ಅದು ಸುತ್ತಿ ಬಂದು ಬಡವನ ಬೋಂಡಾದಲ್ಲಿ ಸೇರುತ್ತದೆ. ಆ ಬೋಂಡಾ ತಿನ್ನುವವರು ನಮ್ಮ ಮಕ್ಕಳೇ. ಅದನ್ನು ಡೀಸೆಲ್ ಮಾಡಲು ಕೊಳ್ಳುವವರಿದ್ದಾರೆ, ಅವರಿಗೇ ಕೊಡಬೇಕು.

ಗಿರಣಿಯ ಬಂಧುಗಳೇ, ಇದು ಹೋಟೆಲಿನವರ ಜಗಳ ಎಂದು ದೂರ ನಿಲ್ಲಬೇಡಿ. ನಮ್ಮ ಮೇಜಿನಲ್ಲಿ ಕುಳಿತು ಉಣ್ಣುವವರು ನೀವು. ಪಾರ್ಸೆಲಿಗೆ ಬರುವಾಗ ಮನೆಯಿಂದ ಒಂದು ಡಬ್ಬಿ ತನ್ನಿ. ಪೇಟೆಗೆ ಹೋಗುವಾಗ ಬಟ್ಟೆಯ ಚೀಲ ತನ್ನಿ. ಬಟ್ಟೆ ನೇಯುವವರ ಕೈಯಲ್ಲೇ ಪ್ಲಾಸ್ಟಿಕ್ ಚೀಲ ತೂಗಿದರೆ ಅದಕ್ಕಿಂತ ನಾಚಿಕೆ ಬೇರೆ ಇದೆಯೆ? ಎಲೆಯಲ್ಲಿ ಅನ್ನ ಬಿಡಬೇಡಿ. ಬಿಟ್ಟ ಅನ್ನವನ್ನು ಬಾಚಿ ಎತ್ತುವವನು ನಿಮ್ಮ ಊರಿನ ಹುಡುಗ.

ಇದೆಲ್ಲ ನಮ್ಮಂಥವರಿಂದ ಆಗುವುದೆ ಎಂದು ಕೇಳುವವರು ಒಮ್ಮೆ ತಂಪಾನೂರಿನ ಇಂಡಿಯನ್ ಕಾಫಿ ಹೌಸಿಗೆ ಹೋಗಿ ಬನ್ನಿ. ಕಾಫಿ ಮಂಡಳಿಯವರು ತಮ್ಮ ಕಾಫಿ ಹೌಸುಗಳನ್ನು ಮುಚ್ಚಿ ಕೆಲಸಗಾರರನ್ನು ಬೀದಿಗೆ ಬಿಟ್ಟಾಗ, ಎ. ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ಸಂಘ ಹುಟ್ಟಿತು. 1958ರ ಮಾರ್ಚ್ 8ರಂದು ತ್ರಿಶ್ಶೂರಿನಲ್ಲಿ ಕೇರಳದ ಮೊದಲ ಕಾಫಿ ಹೌಸು ತೆರೆಯಿತು. ತಂಪಾನೂರಿನ ಕಟ್ಟಡವನ್ನು ಲಾರಿ ಬೇಕರ್ ಅವರು ಇಟ್ಟಿಗೆಯಲ್ಲಿ, ಸುರುಳಿ ಸುತ್ತಿದಂತೆ ಕಟ್ಟಿದರು. ಗೋಡೆಯ ಕಿಂಡಿಗಳಿಂದಲೇ ಬೆಳಕು, ಗಾಳಿ. ಬಡಿಸುವವರೇ ಅಲ್ಲಿ ಸಂಘದ ಸದಸ್ಯರು. ಹಸಿರು ಎಂಬ ಮಾತು ಪೇಟೆಗೆ ಬರುವ ಎಷ್ಟೋ ಮೊದಲೇ ದುಡಿಯುವ ಜನ ಇದನ್ನು ಮಾಡಿ ತೋರಿಸಿದ್ದಾರೆ.

ಬರುವ ಸಂಘದ ಸಭೆಗೆ ಪ್ರತಿಯೊಂದು ಹೋಟೆಲಿನಿಂದ ಮುಸುರೆ ತೊಳೆಯುವ ಒಬ್ಬನಾದರೂ ಬರಬೇಕೆಂದು ಕೋರುತ್ತೇವೆ. ಸಪ್ಲಯರುಗಳೂ ಭಟ್ಟರೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಲಿ. ಈ ಸಲ ಮೊದಲು ಮಾತಾಡುವವನು ಅವನು. ಊರಿನ ಮೋರಿ ಶುದ್ಧವಾಗಲಿ. ಆದರೆ ಅದು ಅವನ ಬಿರಿದ ಕೈಯ ಬೆಲೆಯಲ್ಲಿ ಬೇಡ.