ರೆಕ್ಕೆ ಕಳಚಿದ ಕಾರು

ಮೋಟಾರು ಪಂದ್ಯದಲ್ಲಿ ಗೆಲ್ಲಲು ಬಲವಾದ ಎಂಜಿನ್ ಒಂದಿದ್ದರೆ ಸಾಕೆಂಬುದು ಅನೇಕರ ಭಾವನೆ. ಆದರೆ ಒಂದೇ ಬಗೆಯ ಎಂಜಿನ್ನುಳ್ಳ ಎರಡು ಕಾರುಗಳಲ್ಲಿ ಒಂದು ಮುಂದೋಡಿ ಇನ್ನೊಂದು ಹಿಂದುಳಿಯುವುದುಂಟು. ಇದರ ಗುಟ್ಟು ಬಹುಮಟ್ಟಿಗೆ ಗಾಳಿಯಲ್ಲಿಯೂ ಗಿಯರಿನಲ್ಲಿಯೂ ಅಡಗಿದೆ.

ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಭೇದಿಸಲು ಬೇಕಾದ ಶಕ್ತಿಯೋ ಎಂಟು ಮಡಿ! ಪಂದ್ಯದ ಕಾರಿನ ರೆಕ್ಕೆಗಳು ಈ ತಡೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಾಗಾದರೆ ಅವುಗಳ ಉಪಯೋಗವೇನು? ವಿಮಾನದ ರೆಕ್ಕೆ ಅದನ್ನು ಮೇಲಕ್ಕೆತ್ತುತ್ತದೆ. ತಲೆಕೆಳಗಾಗಿ ಜೋಡಿಸಿದ ಕಾರಿನ ರೆಕ್ಕೆ ಚಕ್ರಗಳನ್ನು ನೆಲಕ್ಕೆ ಅದುಮುತ್ತದೆ. ತಿರುವಿನಲ್ಲಿಯೂ ಬ್ರೇಕು ಹಾಕುವಾಗಲೂ ಅದೇ ಆಸರೆ. ನೇರವಾದ ಹಾದಿಯಲ್ಲಿ ಅದೇ ಹೊರೆ.

ಇನ್ನು ಗಿಯರಿನ ಮಾತು. ಮೇಲಣ ಗಿಯರಿನಲ್ಲಿ ಎಂಜಿನ್ನಿನ ಒಂದೊಂದು ಸುತ್ತಿಗೂ ಕಾರು ಹೆಚ್ಚು ದೂರ ಸಾಗುತ್ತದೆ. ಆದರೆ ಗಾಳಿಯ ತಡೆ ಬಲವಾಗಿದ್ದರೆ, ಎದುರುಗಾಳಿಯಲ್ಲಿ ಸೈಕಲ್ ತುಳಿಯುವವನಂತೆ ಎಂಜಿನ್ ಏದುಸಿರು ಬಿಡುತ್ತದೆ. ತಡೆಯನ್ನು ತಗ್ಗಿಸಿ ಗಿಯರನ್ನು ಹಾಗೆಯೇ ಬಿಟ್ಟರೆ, ಎಂಜಿನ್ ತನ್ನ ಸುತ್ತುಗಳ ಮಿತಿಯನ್ನು ಬೇಗನೆ ಮುಟ್ಟಿ, ವೇಗ ಅಲ್ಲಿಗೇ ನಿಂತುಬಿಡುತ್ತದೆ. ಆದುದರಿಂದ ಒಂದನ್ನು ಬದಲಿಸಿದವರು ಇನ್ನೊಂದನ್ನೂ ಬದಲಿಸಲೇಬೇಕು.

1970ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ನಡೆದುದೂ ಇದೇ. ಅಲ್ಲಿನ ಓಟದ ಹಾದಿಯಲ್ಲಿ ತಿರುವುಗಳು ಕಡಿಮೆ, ನೇರ ಭಾಗಗಳು ದೀರ್ಘ. ಹನ್ನೆರಡು ಸಿಲಿಂಡರಿನ ಫೆರಾರಿ ಕಾರುಗಳನ್ನು ಎದುರಿಸಬೇಕಾಗಿದ್ದ ಲೋಟಸ್ ತಂಡದವರು ತಮ್ಮ ಕಾರುಗಳ ರೆಕ್ಕೆಗಳನ್ನು ಕಳಚಿಸಿದರು. ಆ ವರ್ಷ ಅದಾಗಲೇ ಐದು ಪಂದ್ಯಗಳನ್ನು ಗೆದ್ದಿದ್ದ ಆಸ್ಟ್ರಿಯದ ಯೋಖೆನ್ ರಿಂಟನ ಕಾರಿಗೆ, ಗಂಟೆಗೆ ಸುಮಾರು 330 ಕಿಲೋಮೀಟರು ವೇಗವನ್ನು ಮುಟ್ಟಬಲ್ಲ ಗಿಯರುಗಳನ್ನು ಹಾಕಲಾಯಿತು. ರೆಕ್ಕೆಯಿಲ್ಲದ ಕಾರು ನೆಟ್ಟಗೆ ಓಡುವುದಿಲ್ಲವೆಂದು ಅದೇ ತಂಡದ ಜಾನ್ ಮೈಲ್ಸ್ ದೂರಿದ. ರಿಂಟನಿಗೆ ಮಾತ್ರ ಅದರಿಂದ ಅಳುಕಾಗಲಿಲ್ಲ.

5ನೆಯ ತಾರೀಖು ಶನಿವಾರ, ಅಭ್ಯಾಸದ ಓಟ. ಪ್ಯಾರಾಬೋಲಿಕಾ ಎಂಬ ತಿರುವಿಗೆ ಮುನ್ನ ಬ್ರೇಕು ಹಾಕಿದೊಡನೆ ರಿಂಟನ ಕಾರು ಹೊಯ್ದಾಡಿ, ಎಡಕ್ಕೆ ನುಗ್ಗಿ ಅಂಚಿನ ಲೋಹದ ತಡೆಗೆ ಅಪ್ಪಳಿಸಿತು. ಇಪ್ಪತ್ತೆಂಟರ ತರುಣ ಉಳಿಯಲಿಲ್ಲ. ಮುಂಗಾಲಿಯ ಬ್ರೇಕಿನ ದಂಡವೊಂದು ಮುರಿದುದೇ ಅಪಘಾತಕ್ಕೆ ಮೂಲವೆಂದೂ, ಅಂಚಿನ ತಡೆಯನ್ನು ಸರಿಯಾಗಿ ನಿಲ್ಲಿಸಿರಲಿಲ್ಲವೆಂದೂ ವಿಚಾರಣೆಯಲ್ಲಿ ತಿಳಿದುಬಂದಿತು. ದೋಷ ರೆಕ್ಕೆಯದಲ್ಲ, ನಿಜ. ಆದರೆ ಅಂತಹ ವೇಗದಲ್ಲಿ ಒಂದು ಭಾಗ ಕೈಕೊಟ್ಟಾಗ, ನೆಲದ ಹಿಡಿತ ಕಡಿಮೆಯಾದ ಕಾರಿಗೆ ಸಾವರಿಸಿಕೊಳ್ಳುವ ಅವಕಾಶವೂ ಕಡಿಮೆ.

ಉಳಿದ ಪಂದ್ಯಗಳು ಮುಗಿದ ಮೇಲೆಯೂ ರಿಂಟನ 45 ಅಂಕಗಳನ್ನು ಯಾರೂ ಮೀರಲಾಗಲಿಲ್ಲ. ಜಾಕಿ ಇಕ್ಸ್ 40ಕ್ಕೆ ನಿಂತ. ಫಾರ್ಮುಲಾ ಒಂದರ ಚರಿತ್ರೆಯಲ್ಲಿ ಮರಣಾನಂತರ ವಿಶ್ವವಿಜೇತನೆನಿಸಿದವನು ಆತನೊಬ್ಬನೇ. ಕಿರೀಟವೇನೋ ಬಂದಿತು, ಧರಿಸಬೇಕಾದ ತಲೆ ಇರಲಿಲ್ಲ.