ಹಿರಿಯರ ಮಧುಮೇಹ, ವಿಮೆ ಮತ್ತು ನಮ್ಮ ಹೊಣೆ

ವೃದ್ಧಾಪ್ಯ ತಲುಪಿದ ತಂದೆ-ತಾಯಿಯೊಂದಿಗೆ ಉತ್ತಮವಾಗಿ ವರ್ತಿಸಬೇಕೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಈ ಬೋಧನೆಗಳ ಬೆಳಕಿನಲ್ಲಿ ನಮ್ಮ ಮನೆಗಳ ಮಧುಮೇಹಿ ಹಿರಿಯರ ಸ್ಥಿತಿಯನ್ನು ಅವಲೋಕಿಸಬೇಕಾಗಿದೆ.

2024ರಲ್ಲಿ ಕೇಂದ್ರ ಸರಕಾರವು ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿಯಿಲ್ಲದೆ 70 ವರ್ಷ ಮತ್ತು ಮೇಲ್ಪಟ್ಟ ಎಲ್ಲರಿಗೂ ವಿಸ್ತರಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಈ ನೆರವು ಸ್ವಾಗತಾರ್ಹ. ಆದರೆ ಅದು ಆಸ್ಪತ್ರೆಗೆ ದಾಖಲಾದವರ ವೆಚ್ಚಕ್ಕೆ ಮೀಸಲು. ಮಧುಮೇಹವನ್ನು ಹಿಡಿತದಲ್ಲಿಡುವುದು ದಿನನಿತ್ಯದ ಮಾತ್ರೆ, ಇನ್ಸುಲಿನ್, ರಕ್ತಪರೀಕ್ಷೆ, ಕಣ್ಣು ಮತ್ತು ಪಾದಗಳ ತಪಾಸಣೆ. ಈ ಹೊರರೋಗಿ ವೆಚ್ಚವನ್ನು ಆ ಕಾರ್ಡು ಭರಿಸದು. ಕೊಳೆತ ಕಾಲನ್ನು ಕತ್ತರಿಸಲು ಹಣ ದೊರೆಯುತ್ತದೆ, ಕಾಲನ್ನು ಉಳಿಸುವ ಮಾತ್ರೆಗೆ ದೊರೆಯುವುದಿಲ್ಲ.

ನಮ್ಮ ಅನೇಕ ಜಮಾಅತ್‌ಗಳ ರೀತಿಯೂ ಇದೇ. ಶಸ್ತ್ರಚಿಕಿತ್ಸೆಯ ಬಿಲ್ಲು ಬಂದಾಗ ಜುಮಾ ನಮಾಝಿನ ಬಳಿಕ ಹಣ ಸಂಗ್ರಹಿಸುತ್ತೇವೆ. ಖರ್ಚಿಗೆ ಹೆದರಿ ದಿನ ಬಿಟ್ಟು ದಿನ ಮಾತ್ರೆ ನುಂಗುವ ವಿಧವೆಯನ್ನು ಕಾಣುವುದಿಲ್ಲ. ಝಕಾತ್‌ನ ಹಕ್ಕುದಾರರಲ್ಲಿ ಬಡವರೂ ನಿರ್ಗತಿಕರೂ ಮೊದಲಿಗರು. ಅವರ ತಿಂಗಳ ಔಷಧಿಯ ಹೊಣೆಯನ್ನು ಝಕಾತ್ ನಿಧಿ ಏಕೆ ಹೊರಬಾರದು? ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಜನೌಷಧಿ ಮಳಿಗೆಗೆ ಹಿರಿಯರನ್ನು ಕರೆದೊಯ್ಯುವ ಕೆಲಸವನ್ನು ಮೊಹಲ್ಲಾದ ಯುವಕರು ವಹಿಸಿಕೊಳ್ಳಲಿ.

ಕಾರ್ಡು ಮಾಡಿಸಿಕೊಟ್ಟ ಮಾತ್ರಕ್ಕೆ ಮಕ್ಕಳ ಕರ್ತವ್ಯ ಮುಗಿಯದು. ಹೆತ್ತವರ ಮಾತ್ರೆಯ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುವುದೂ ಅವರ ಸೇವೆಯೇ. ಅಲ್ಲಾಹನು ನಮಗೆ ಅದರ ಸೌಭಾಗ್ಯವನ್ನು ಕರುಣಿಸಲಿ.