ಜಗಲಿಯ ಮೇಲಿನ ಮೃಗಪ್ರೇಮ

ಕಾಡಂಚಿನಲ್ಲಿ ಒಂದಿಷ್ಟು ನೆಲ ಕೊಂಡು, ಅಲ್ಲೊಂದು ಹೆಂಚಿನ ಬಂಗಲೆ ಕಟ್ಟಿಸಿ, ವಾರದ ಕೊನೆಗೆ ಪಟ್ಟಣದಿಂದ ಬಂದು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ಆನೆ ಜಿಂಕೆಗಳನ್ನು ನೋಡಿ ಹೋಗುವವರು ತಮ್ಮನ್ನು ನಿಸರ್ಗಪ್ರೇಮಿಗಳೆಂದು ಕರೆದುಕೊಳ್ಳುತ್ತಿದ್ದಾರೆ. ಆ ಹೆಸರು ಅವರಿಗೆ ಸಲ್ಲತಕ್ಕದ್ದಲ್ಲವೆಂಬುದೇ ನನ್ನ ವಾದ. ನೆಲದ ಋತುಋತುವಿನ ಚಾಕರಿಯನ್ನು ತಾನು ಮಾಡದವನಿಗೆ ಅಲ್ಲಿನ ಮೃಗಪಕ್ಷಿಗಳನ್ನು ಕಾಣುವ ಕಣ್ಣೂ ಬಾರದು, ಹಕ್ಕೂ ಇಲ್ಲ. ಮಾತು ಕಟುವಾಯಿತೆಂದು ಕೆಲವರು ಮುನಿಯಬಹುದು, ಮುನಿಯಲಿ.

ಹೀಗೆ ಬರೆಯಲು ನನಗೊಂದು ಕಾರಣವುಂಟು. ಅದರಲ್ಲಿ ನನ್ನ ತಪ್ಪೂ ಸೇರಿದೆ. ಕೆಲವು ವರ್ಷಗಳ ಹಿಂದೆ ಬೇಸಿಗೆಯ ರಜೆಯಲ್ಲಿ, ನೀಲಗಿರಿಯ ಬಡಗಣ ತಪ್ಪಲಿನಲ್ಲಿರುವ ಪರಿಚಿತರೊಬ್ಬರ ಇಂಥ ಮನೆಯಲ್ಲಿ ಎರಡು ದಿನ ಅತಿಥಿಯಾಗಿದ್ದೆ. ರಾತ್ರಿ ಊಟವಾದ ಮೇಲೆ ಹಳ್ಳದ ಕಡೆ ಕೊಂಬೆ ಮುರಿಯುವ ಸದ್ದಾಯಿತು. ಮನೆಯೊಡೆಯರು ದೊಡ್ಡ ಬ್ಯಾಟರಿ ದೀಪವನ್ನು ಅತ್ತ ತಿರುಗಿಸಿದರು. ಒಂದು ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ನಾವೆಲ್ಲ ಮಕ್ಕಳಂತೆ ಹಿಗ್ಗಿದೆವು. ಇನ್ನೊಮ್ಮೆ ಬೆಳಕು ಹಾಕಿರೆಂದು ಕೇಳಿದವನು ನಾನೇ. ಬೆಳಗ್ಗೆ ಕಾವಲಿನ ಮುದುಕ, ಇರುಳರವನು, ಹಳ್ಳದ ಮರಳಿನಲ್ಲಿ ಹೆಜ್ಜೆಗಳನ್ನು ತೋರಿಸಿದ. “ನೀರಿಗೆ ಬಂದಿತ್ತು ಸಾಮಿ. ಬೆಳಕು ಬಿದ್ದದ್ದಕ್ಕೆ ಕುಡಿಯದೆ ತಿರುಗಿಬಿಟ್ಟಿದೆ” ಎಂದ. ನೀರಿಗೆ ಇನ್ನು ನಾಲ್ಕು ಮಾರು ಇರುವಲ್ಲಿ ಹೆಜ್ಜೆಗಳು ಹಿಂದಕ್ಕೆ ಹೊರಳಿದ್ದವು. ಬೆಳೆದ ಆನೆಗೆ ದಿನಕ್ಕೆ ನೂರು ಲೀಟರಿಗೂ ಮಿಕ್ಕಿ ನೀರು ಬೇಕು. ಅದೋ ಏಪ್ರಿಲ್ ತಿಂಗಳು. ಆ ಆನೆಯನ್ನು ಕಂಡವನು ಮುದುಕ. ನಾನು ಬರಿದೇ ಬೆಳಕು ಹಾಕಿಸಿದವನು.

ಇದು ಒಬ್ಬಿಬ್ಬರ ಅವಿವೇಕವೆಂದು ಬಿಡುವಂತಿಲ್ಲ. ಮುದುಮಲೆಯ ಮಗ್ಗುಲಲ್ಲಿ, ಮೋಯಾರ್ ನದಿಗೂ ನೀಲಗಿರಿಯ ಗೋಡೆಗೂ ನಡುವೆ ಇರುವ ಸೀಗೂರಿನ ಸೀಮೆಯಲ್ಲಿ ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಕೂಡಿಸುತ್ತವೆ. ಒಂದು ಘಟ್ಟದಿಂದ ಇನ್ನೊಂದಕ್ಕೆ ಹೋಗುವ ಆನೆಗೆ ಅದೇ ದಾರಿ. ಅಲ್ಲಿಯ ಆನೆಕಟ್ಟಿಯೆಂಬ ಹಳ್ಳಿಯ ಹೆಸರಿನಲ್ಲಿಯೇ ಆನೆ ಇದೆ. ಆ ದಾರಿಗೆ ಅಡ್ಡಲಾಗಿ ಬಂಗಲೆಗಳೂ ವಿದ್ಯುತ್ ಬೇಲಿಗಳೂ ಎದ್ದವು. ತಮಿಳುನಾಡು ಸರ್ಕಾರ 2010ರಲ್ಲಿ ಅದನ್ನು ಆನೆದಾರಿಯೆಂದು ಘೋಷಿಸಿತು. 2011ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ರೆಸಾರ್ಟಿನವರು ದಿಲ್ಲಿಗೆ ಹೋದರು. ಸರ್ವೋಚ್ಚ ನ್ಯಾಯಾಲಯ 2018ರಲ್ಲಿ 11 ರೆಸಾರ್ಟುಗಳಿಗೆ ಬೀಗಮುದ್ರೆ ಹಾಕಿಸಿ, 2020ರ ಅಕ್ಟೋಬರ್ 14ರಂದು ಆನೆಯ ದಾರಿ ಆನೆಗೇ ಎಂದು ತೀರ್ಪು ಕೊಟ್ಟಿತು. ಮೂರು ತಿಂಗಳು ಕಳೆದಿತ್ತೋ ಇಲ್ಲವೋ, 2021ರ ಜನವರಿಯಲ್ಲಿ ಮಸಿನಗುಡಿಯ ಅತಿಥಿಗೃಹವೊಂದರ ಬಳಿಗೆ ಬಂದ ಗಂಡಾನೆಯ ತಲೆಯ ಮೇಲೆ ಉರಿಯುವ ಟೈರು ಎಸೆದರು. ಆನೆ ಸತ್ತಿತು. ಆನೆಯನ್ನು ತೋರಿಸುತ್ತೇವೆಂದು ಹಣ ಪಡೆಯುವ ಸೀಮೆಯಲ್ಲಿ ಆನೆ ಅಂಗಳಕ್ಕೆ ಬಂದಾಗ ಸಿಕ್ಕ ಮರ್ಯಾದೆ ಅದು.

“ನಮ್ಮದು ಪಟ್ಟಾ ಜಮೀನು, ನಾವು ಹಳ್ಳಿಗರಿಗೆ ಕೂಲಿ ಕೊಡುತ್ತೇವೆ” ಎಂಬುದು ಅವರ ಉತ್ತರ. ಪಟ್ಟಾ ಇರಬಹುದು, ಕಾಗದ ಓದಬಲ್ಲ ಆನೆ ಇನ್ನೂ ಹುಟ್ಟಿಲ್ಲ. ಕೂಲಿಯ ಮಾತು ಮಾತ್ರ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಆ ಮುದುಕನ ಮನೆಯ ಒಲೆ ಉರಿಯುವುದು ಅದರಿಂದಲೇ. ಆದರೆ ಹುಲ್ಲು ಕೊಯ್ಯುವವನು ಅವನು, ಬೇಲಿ ನೋಡುವವನು ಅವನು, ಹೆಜ್ಜೆ ಓದುವವನೂ ಅವನೇ. ಅತಿಥಿಗಳ ಪುಸ್ತಕದಲ್ಲಿ ‘ಆನೆ ಕಂಡೆವು’ ಎಂದು ರುಜು ಹಾಕುವವರು ನಾವು. ಕೂಲಿ ಕೊಟ್ಟು ಕೆಲಸವನ್ನು ಕೊಳ್ಳಬಹುದು, ಆ ಕೆಲಸದಿಂದ ಬರುವ ಅರಿವನ್ನು ಕೊಳ್ಳುವುದು ಹೇಗೆ?

ಹಾಗಾದರೆ ಹಳ್ಳಿಗಾಡಿನಲ್ಲಿ ವಿಶ್ರಾಂತಿಯ ಮನೆಯೇ ಕೂಡದೆ, ಎಂದು ಕೇಳುವಿರಿ. ಕೂಡದೆಂದು ಹೇಳಲಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಆಲ್ಡೋ ಲಿಯೊಪೋಲ್ಡರು 1935ರಲ್ಲಿ ಬರಾಬೂ ಪಟ್ಟಣದ ಬಳಿ, ವಿಸ್ಕಾನ್ಸಿನ್ ನದಿಯ ದಡದಲ್ಲಿ, ಸುಮಾರು 80 ಎಕರೆಯ ಪಾಳುಬಿದ್ದ ಹೊಲವೊಂದನ್ನು ಕೊಂಡರು. ಮಣ್ಣು ಮರಳಾಗಿ ಬಿಟ್ಟುಹೋದ ನೆಲ. ನಿಂತಿದ್ದ ಕಟ್ಟಡವೆಂದರೆ ಒಂದು ಕೋಳಿಗೂಡು. ಅದನ್ನೇ ಗುಡಿಸಿ ಸಾರಿಸಿ ಮನೆ ಮಾಡಿಕೊಂಡರು. ಹೆಂಡತಿ, ಐದು ಮಕ್ಕಳು, ವಾರದ ಕೊನೆಯ ಎರಡು ದಿನ. ಪಟ್ಟಣದವರೇ, ವಿಶ್ರಾಂತಿಗೆ ಬಂದವರೇ. ಆದರೆ ಬಂದವರು ಮೊದಲು ಹಿಡಿದದ್ದು ಸನಿಕೆ. ವಸಂತದಲ್ಲಿ ಪೈನ್ ಸಸಿ ನೆಡುವುದು, ಚಳಿಗಾಲಕ್ಕೆ ಸೌದೆ ಕೊಯ್ಯುವುದು. ಮೊದಲ ಸಲ ನೆಟ್ಟ ಸಸಿಗಳಲ್ಲಿ ಬಹುಪಾಲು 1936ರ ಬರಕ್ಕೆ ಒಣಗಿಹೋದವು. ಮರುವರ್ಷ ಮತ್ತೆ ನೆಟ್ಟರು. ಹೀಗೆ ನೆಟ್ಟ ಮರಗಳು ಸಾವಿರಗಟ್ಟಲೆ.

ನೋಡುವುದು ಆ ದುಡಿಮೆಯ ಸಂದಿಯಲ್ಲಿ ಬಂತು. ಲಿಯೊಪೋಲ್ಡರು ಇನ್ನೂ ಕತ್ತಲಿರುವಾಗಲೇ ಎದ್ದು, ಕಾಫಿಯ ಪಾತ್ರೆಯನ್ನೂ ಟಿಪ್ಪಣಿ ಪುಸ್ತಕವನ್ನೂ ಹಿಡಿದು ಹೊರಗೆ ಕೂರುತ್ತಿದ್ದರು. ಯಾವ ಹಕ್ಕಿ ಎಷ್ಟು ಹೊತ್ತಿಗೆ ಮೊದಲ ಕೊರಳೆತ್ತಿತು, ಆಗ ಬೆಳಕು ಎಷ್ಟಿತ್ತು ಎಂಬುದನ್ನು ಉಪಕರಣದಿಂದ ಅಳೆದು ಬರೆಯುತ್ತಿದ್ದರು. ಹಕ್ಕಿಯ ಮೇಲೆ ದೀಪ ಬಿಡಲಿಲ್ಲ, ಹಕ್ಕಿಯ ಬೆಳಕಿಗೆ ತಾವು ಕಾದರು. ಯಾವ ಹೂ ಎಂದು ಅರಳಿತು, ಬಾತು ಎಂದು ಬಂತು ಎಂಬುದಕ್ಕೆಲ್ಲ ದಿನಾಂಕವಿತ್ತು. ಬೇಟೆಯಾಡುತ್ತಿದ್ದವರಲ್ಲವೇ ಎಂದು ಯಾರಾದರೂ ಕೆಣಕಬಹುದು. ನಿಜ, ಆಡುತ್ತಿದ್ದರು, ನಾನು ಅವರನ್ನು ಋಷಿಯೆಂದು ಸ್ಥಾಪಿಸಲು ಹೊರಟಿಲ್ಲ. ಆದರೆ ಆ ಟಿಪ್ಪಣಿಗಳ ಫಲವನ್ನು ನೋಡಿ. ಅವರ ಮಗಳು ನೀನಾ ಅದೇ ನೆಲದಲ್ಲಿ ಬರವಣಿಗೆಯನ್ನು ಮುಂದುವರಿಸಿದರು. 1999ರಲ್ಲಿ ಸಂಗಡಿಗರೊಡನೆ ತಂದೆಯ ಲೆಕ್ಕಕ್ಕೆ ತಮ್ಮ ಲೆಕ್ಕ ಸೇರಿಸಿ, ಹೂ ಅರಳುವುದು, ಹಕ್ಕಿ ಬರುವುದು ಮುಂತಾದ 55 ಘಟನೆಗಳನ್ನು ಹೋಲಿಸಿದಾಗ, ಸರಾಸರಿಯಲ್ಲಿ ಅವು ಹತ್ತು ವರ್ಷಕ್ಕೆ ಒಂದು ದಿನಕ್ಕೂ ಮಿಕ್ಕಿ ಮುಂಚಿತವಾಗುತ್ತಿರುವುದು ಕಂಡಿತು. ಭೂಮಿ ಬಿಸಿಯಾಗುತ್ತಿರುವುದಕ್ಕೆ ಒಂದು ಕೋಳಿಗೂಡಿನ ಮನೆಯವರು ಸಾಕ್ಷಿ ನುಡಿದರು! 1948ರ ಏಪ್ರಿಲ್ 21ರಂದು ನೆರೆಯವನ ಹುಲ್ಲುಗಾವಲಿಗೆ ಬಿದ್ದ ಬೆಂಕಿ ನಂದಿಸಲು ಹೋದ ಲಿಯೊಪೋಲ್ಡರು ಅಲ್ಲಿಯೇ ಎದೆ ನಿಂತು ಸತ್ತರು. ಅವರ ಪ್ರಸಿದ್ಧ ಪುಸ್ತಕ ಅಚ್ಚಾದದ್ದು ಮರುವರ್ಷ.

ನಮ್ಮ ಜಗಲಿಯವರಿಗೆ ಇಲ್ಲಿ ಕೆಲಸಕ್ಕೆ ಬರವೇ? ಹುಲ್ಲು ಒಣಗುವ ಮುನ್ನ, ಜನವರಿಯೊಳಗೆ, ಬೆಂಕಿ ರೇಖೆ ಕಡಿಯಬೇಕು. ಮಳೆಗೆ ಮುಂಚೆ ಹೊಂಡದ ಹೂಳು ಎತ್ತಬೇಕು. ಎಲ್ಲಕ್ಕೂ ಮಿಗಿಲಾಗಿ ಲಂಟಾನ. ಎರಡು ಶತಮಾನಗಳ ಹಿಂದೆ ತೋಟದ ಅಂದಕ್ಕೆಂದು ಈ ದೇಶಕ್ಕೆ ತಂದ ಗಿಡ ಅದು. ಇಂದು ಮುದುಮಲೆ ಬಂಡೀಪುರಗಳಲ್ಲಿ ಜಿಂಕೆ ಮೇಯುವ ಹುಲ್ಲನ್ನು ನುಂಗಿದೆ. ಮೇಲೆ ಕತ್ತರಿಸಿದರೆ ಇಮ್ಮಡಿಯಾಗಿ ಚಿಗುರುತ್ತದೆ. ಮಣ್ಣಿನೊಳಗೆ ಎರಡು ಮೂರು ಬೆರಳು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬುಡ ಮೇಲಾಗಿ ಒಣಗಹಾಕಬೇಕು. ಅಷ್ಟಕ್ಕೆ ಮುಗಿಯಲಿಲ್ಲ: ಹಣ್ಣು ತಿಂದ ಹಕ್ಕಿ ಕೂರುವ ಮರದ ಬುಡದಲ್ಲಿ ಮರುಮಳೆಗೆ ಸಸಿ ಏಳುತ್ತದೆ, ಅದನ್ನೂ ಕೀಳಬೇಕು. ಯಾವ ಹಕ್ಕಿ, ಯಾವ ಮರ ಎಂದು ಅರಿಯದೆ ಈ ಕೆಲಸ ಸಾಗದು. ಬೆನ್ನು ಬಾಗಿಸಿದವನೇ ಪಿಕಳಾರವನ್ನು ಕಾಣುವನೆಂದರೆ ಅತಿಶಯೋಕ್ತಿಯಲ್ಲ.

ಅಧ್ಯಾಪಕ ಮಿತ್ರರೇ, ನಾವೇನು ಮಾಡುತ್ತಿದ್ದೇವೆ? ವರ್ಷಕ್ಕೊಮ್ಮೆ ಮಕ್ಕಳನ್ನು ವಾಹನದಲ್ಲಿ ತುಂಬಿ ಕಾಡಿಗೆ ಒಯ್ದು ‘ಮೃಗ ಕಂಡಿರಾ’ ಎಂದು ಕೇಳುತ್ತೇವೆ. ರೋಹಿಣಿಯಿಂದ ಸ್ವಾತಿಯವರೆಗೆ ಮಳೆಗೊಂದು ಹೆಸರಿಟ್ಟು, ಯಾವ ಮಳೆಗೆ ಯಾವ ಬಿತ್ತನೆಯೆಂದು ಬಾಯಲ್ಲೇ ದಿನಚರಿ ಇಟ್ಟ ಜನ ನಾವು. ಆ ಹೆಸರುಗಳನ್ನು ನಮ್ಮ ಎಂಟನೆಯ ತರಗತಿಯಲ್ಲಿ ಒಪ್ಪಿಸಬಲ್ಲವರು ಮೂವರು. ಮೂವರೂ ಬೇಸಾಯಗಾರರ ಮಕ್ಕಳು. ಮುತ್ತುಗ ಯಾವ ತಿಂಗಳು ಹೂಬಿಡುತ್ತದೆಯೆಂದು ಕೇಳಿದರೆ ಉಳಿದವರು ನನ್ನ ಮುಖ ನೋಡುತ್ತಾರೆ.

ಈ ವರ್ಷದ ಪ್ರವಾಸಕ್ಕೆ ಜೀಪಿನ ಬಾಡಿಗೆಯೆಂದು ಮಕ್ಕಳಿಂದ ಹಣ ಎತ್ತುವ ಮೊದಲು ಬಂಗಲೆಯವರಿಗೆ ಒಂದು ಕಾಗದ ಬರೆಯೋಣ. ದೀಪ, ಜೀಪು ಬೇಡ. ಹಗಲು ಹೊತ್ತಿನಲ್ಲಿ ನಿಮ್ಮ ಬೇಲಿಯೊಳಗಿನ ಲಂಟಾನ ಕೀಳಲು ಇಪ್ಪತ್ತು ಮಕ್ಕಳನ್ನು ಕರೆತರುತ್ತೇವೆ, ನೀವೂ ಒಂದು ಗುದ್ದಲಿ ಹಿಡಿದು ಜೊತೆಗೆ ಬರುವಿರಾ, ಎಂದು. ಉತ್ತರ ಬಂದರೆ ಇದೇ ಪತ್ರಿಕೆಯಲ್ಲಿ ಹಾಕಿಸುತ್ತೇನೆ.